ವೇಷ ಮತ್ತು ಜೀವಿ ವಿನ್ಯಾಸ

ನಾಟಕ ಮತ್ತು ಚಲನಚಿತ್ರದ ಪಾತ್ರಧಾರಿಗಳಿಗೆ ಉಡುಪು, ಒಡವೆ, ಶಿರೋಭೂಷಣಗಳನ್ನು ರೂಪಿಸುವ ವೃತ್ತಿ. ಜೊತೆಗೆ, ರಂಗದ ಮೇಲೆ ತರಲಾಗದ ಪ್ರಾಣಿಗಳಿಗೂ ಲೋಕದಲ್ಲೇ ಇಲ್ಲದ ರಾಕ್ಷಸ, ಅನ್ಯಗ್ರಹ ಜೀವಿಗಳಿಗೂ ಮೈ ಕೊಡುವ ವೃತ್ತಿ. ಚಿತ್ರೋದ್ಯಮದಲ್ಲಿ ಇವೆರಡನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚುವುದು ರೂಢಿ. ಉಡುಪಿನ ಹೊಣೆ ಕಾಸ್ಟ್ಯೂಮ್ ವಿಭಾಗದ್ದು, ಜೀವಿಗಳ ಹೊಣೆ ಮೇಕಪ್ ಅಥವಾ ಸ್ಪೆಷಲ್ ಎಫೆಕ್ಟ್ಸ್ ವಿಭಾಗದ್ದು. ಆದರೆ ಆ ಜೀವಿಯ ಒಳಗೆ ಮನುಷ್ಯನಿದ್ದಾನೆ ಎಂದಾದಾಗ ಈ ಗಡಿ ಅಳಿಸಿಹೋಗುತ್ತದೆ. ಒಳಗಿರುವವನು ಉಸಿರಾಡಬೇಕು, ಎದುರಿನವರನ್ನು ಕಾಣಬೇಕು, ಎಡವದೆ ನಡೆಯಬೇಕು, ಸೆಕೆ ತಾಳಿಕೊಳ್ಳಬೇಕು. ಈ ಕಲೆಯ ಚರಿತ್ರೆಯನ್ನು ಹೆಸರಾಂತ ರಾಕ್ಷಸರ ಸಾಲಾಗಿ ಹೇಳುವವರೇ ಹೆಚ್ಚು. ಒಳಗಿದ್ದ ದೇಹದ ಕಡೆಯಿಂದ ನೋಡಿದರೆ ಮಾತ್ರ ಅದರ ಒಂದೊಂದು ತಿರುವೂ ಏಕೆ ಬಂತೆಂದು ತಿಳಿಯುತ್ತದೆ.

ರಂಗದಿಂದ ತೆರೆಗೆ

ಇಂಗ್ಲೆಂಡಿನ ಪ್ಯಾಂಟೊಮೈಮ್ ಆಟಗಳಲ್ಲಿ ಪ್ರಾಣಿಯ ವೇಷ ಹಾಕುವುದನ್ನೇ ಕಸುಬಾಗಿಸಿಕೊಂಡ ನಟರಿದ್ದರು. 1904ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ ಜೆ.ಎಂ. ಬ್ಯಾರಿಯ 'ಪೀಟರ್ ಪ್ಯಾನ್' ಮೊದಲ ಬಾರಿ ಪ್ರದರ್ಶನಗೊಂಡಾಗ, ಮಕ್ಕಳನ್ನು ನೋಡಿಕೊಳ್ಳುವ ನಾಯಿ ನಾನಾಳ ವೇಷ ಹಾಕಿದವನು ಆರ್ಥರ್ ಲುಪಿನೊ. ಬ್ಯಾರಿಯ ಸ್ವಂತ ನಾಯಿ ಲೂಯತ್ ಈ ಪಾತ್ರಕ್ಕೆ ಮಾದರಿ. 1917ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ದಿಯಾಘಿಲೆವನ ಬ್ಯಾಲೆ ತಂಡ ಆಡಿದ 'ಪರಾದ್' ಎಂಬ ನೃತ್ಯನಾಟಕಕ್ಕೆ ಪಿಕಾಸೊ ವೇಷಗಳನ್ನು ರಚಿಸಿದ. ಅದರಲ್ಲಿ ಇಬ್ಬರು ನರ್ತಕರು ಸೇರಿ ಆಗುವ ಕುದುರೆಯೊಂದಿತ್ತು. ಅದರ ಬೆನ್ನ ಮೇಲೆ ಕೂರಿಸಬೇಕೆಂದಿದ್ದ ಬೊಂಬೆ ತಾಲೀಮಿನಲ್ಲಿ ಮತ್ತೆ ಮತ್ತೆ ಬೀಳುತ್ತಿದ್ದುದರಿಂದ ಅದನ್ನು ಕೈಬಿಟ್ಟು ಬರಿಯ ಕುದುರೆಯನ್ನೇ ಕುಣಿಸಿದರು. ಕಾಗದದ ಮೇಲೆ ಬರೆದದ್ದು ಕುಣಿಯುವ ಮೈಗೆ ಒಗ್ಗದಿದ್ದಾಗ ಬದಲಾಗಬೇಕಾದದ್ದು ಚಿತ್ರವೇ ಎಂಬುದನ್ನು ಪಿಕಾಸೊನಂಥವನೂ ಒಪ್ಪಬೇಕಾಯಿತು.

ಸಿನಿಮಾ ಈ ಕಲೆಯನ್ನು ಕಣ್ಣಿನ ಹತ್ತಿರಕ್ಕೆ ತಂದಿತು. ರಂಗದ ಕೊನೆಯ ಸಾಲಿಗೆ ಕಾಣದ ಹೊಲಿಗೆ ಕ್ಲೋಸಪ್ಪಿನಲ್ಲಿ ಕಾಣುತ್ತದೆ. 1931ರ 'ಫ್ರಾಂಕೆನ್‌ಸ್ಟೈನ್' ಚಿತ್ರಕ್ಕಾಗಿ ಯೂನಿವರ್ಸಲ್ ಸ್ಟುಡಿಯೋದ ಜ್ಯಾಕ್ ಪಿಯರ್ಸ್ ಹತ್ತಿಯನ್ನೂ ಕೊಲೋಡಿಯನ್ ಎಂಬ ಅಂಟು ದ್ರವವನ್ನೂ ಪದರ ಪದರವಾಗಿ ಹಚ್ಚಿ ಬೋರಿಸ್ ಕಾರ್ಲಾಫನ ಚಪ್ಪಟೆ ನೆತ್ತಿಯನ್ನು ದಿನವೂ ಹೊಸದಾಗಿ ಕಟ್ಟುತ್ತಿದ್ದ. ಒಂದು ಸಲಕ್ಕೆ ಸುಮಾರು 4 ಗಂಟೆ ಹಿಡಿಯುತ್ತಿತ್ತು. ಕಾಲಿಗೆ ಭಾರವಾದ ಬೂಟು ಹಾಕಿಸಿದ್ದರಿಂದ ಆ ಜೀವಿಯ ನಡಿಗೆ ತಾನಾಗಿ ಹುಟ್ಟಿತು. ಅಂದರೆ ಅಭಿನಯದ ಒಂದು ಪಾಲು ಬೂಟಿನಲ್ಲೇ ಇತ್ತು.

ನಟನ ಮೈಯನ್ನು ಮರೆತದ್ದರ ಫಲ 1939ರ 'ದ ವಿಝರ್ಡ್ ಆಫ್ ಆಝ್' ಚಿತ್ರದಲ್ಲಿ ಕಾಣುತ್ತದೆ. ತಗಡಿನ ಮನುಷ್ಯನ ಪಾತ್ರಕ್ಕೆ ಆಯ್ಕೆಯಾಗಿದ್ದ ಬಡ್ಡಿ ಎಬ್ಸನ್ ಮುಖಕ್ಕೆ ಅಲ್ಯೂಮಿನಿಯಂ ಪುಡಿ ಬಳಿಯುತ್ತಿದ್ದರು. ಅದು ಶ್ವಾಸಕೋಶಕ್ಕೆ ಇಳಿದು ಆತ ಆಸ್ಪತ್ರೆ ಸೇರಿದ, ಪಾತ್ರ ಜ್ಯಾಕ್ ಹೇಲಿಗೆ ಹೋಯಿತು. ಆಮೇಲೆ ಪುಡಿಯ ಬದಲು ಲೇಪ ಬಳಸಿದರು. ಅದೇ ಚಿತ್ರದಲ್ಲಿ ಸಿಂಹವಾದ ಬರ್ಟ್ ಲಾರ್ ನಿಜವಾದ ಸಿಂಹದ ಚರ್ಮದಿಂದ ಮಾಡಿದ ಭಾರದ ವೇಷವನ್ನು ಟೆಕ್ನಿಕಲರ್ ಚಿತ್ರೀಕರಣಕ್ಕೆ ಬೇಕಾದ ಉರಿಬೆಳಕಿನ ಕೆಳಗೆ ಹೊತ್ತು ಹಾಡಿ ಕುಣಿದ.

1954ರ ಎರಡು ಮೈಗಳು

1954ರಲ್ಲಿ ಬಂದ ಎರಡು ಚಿತ್ರಗಳು ರಬ್ಬರ್ ಸೂಟಿನ ಜೀವಿಯನ್ನು ಲೋಕಕ್ಕೆ ಪರಿಚಯಿಸಿದವು. ಜಪಾನಿನ 'ಗಾಡ್ಜಿಲ್ಲಾ' ಚಿತ್ರದ ಎಫೆಕ್ಟ್ಸ್ ಹೊಣೆ ಹೊತ್ತಿದ್ದ ಏಜಿ ಸುಬುರಾಯಾಗೆ 1933ರ 'ಕಿಂಗ್ ಕಾಂಗ್' ಚಿತ್ರದಂತೆ ಸಣ್ಣ ಬೊಂಬೆಯನ್ನು ಚೂರುಚೂರೇ ಸರಿಸಿ ಚಿತ್ರೀಕರಿಸುವ ಆಸೆಯಿತ್ತು. ಅದಕ್ಕೆ ಸಮಯವಿರಲಿಲ್ಲ. ಹಾಗಾಗಿ ಸೂಟು ಮಾಡಿಸಿ ಹರುವೊ ನಾಕಾಜಿಮಾ ಎಂಬ ನಟನನ್ನು ಒಳಗೆ ನಿಲ್ಲಿಸಿದರು. ಮೊದಲ ಸೂಟು ಸುಮಾರು 100 ಕಿಲೋ ತೂಗುತ್ತಿತ್ತು, ಅದರಲ್ಲಿ ಕೆಲವೇ ಹೆಜ್ಜೆ ಇಡಲು ಸಾಧ್ಯವಾಯಿತು. ಅದನ್ನು ಸೊಂಟದ ಬಳಿ ಕತ್ತರಿಸಿ, ಕಾಲುಗಳನ್ನಷ್ಟೇ ತೋರಿಸುವ ಶಾಟುಗಳಿಗೆ ಬಳಸಿ, ಉಳಿದದ್ದಕ್ಕೆ ಹಗುರವಾದ ಇನ್ನೊಂದನ್ನು ಮಾಡಿಸಿದರು. ನಾಕಾಜಿಮಾ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳ ನಡಿಗೆ ನೋಡಿ ಕಲಿತ. 1972ರವರೆಗೆ 12 ಚಿತ್ರಗಳಲ್ಲಿ ಅವನೇ ಗಾಡ್ಜಿಲ್ಲಾ. ಆ ಪಾತ್ರದ ತೂಕದ ನಡೆ, ಬಾಲವನ್ನು ಎಳೆದುಕೊಂಡು ತಿರುಗುವ ನಿಧಾನ, ಎಲ್ಲವೂ ಒಬ್ಬ ಮನುಷ್ಯನ ಬೆನ್ನು ತೊಡೆಗಳಿಂದ ಬಂದವು.

ಅಮೆರಿಕದ 'ಕ್ರಿಯೇಚರ್ ಫ್ರಮ್ ದ ಬ್ಲ್ಯಾಕ್ ಲಗೂನ್' ಚಿತ್ರದ ಮೀನುಮನುಷ್ಯನಿಗೆ ಒಳಗಿನ ದೇಹಗಳು ಎರಡು. ನೆಲದ ಮೇಲೆ ಬೆನ್ ಚಾಪ್‌ಮನ್, ನೀರೊಳಗೆ ರಿಕೂ ಬ್ರೌನಿಂಗ್. ಸೂಟಿನೊಳಗೆ ಗಾಳಿಯ ಟ್ಯಾಂಕಿಗೆ ಜಾಗವಿಲ್ಲದ್ದರಿಂದ ಬ್ರೌನಿಂಗ್ ಉಸಿರು ಬಿಗಿಹಿಡಿದು ಈಜಿ, ಶಾಟು ಮುಗಿದ ಮೇಲೆ ಕ್ಯಾಮೆರಾದ ಆಚೆಗಿದ್ದ ಕೊಳವೆಯಿಂದ ಗಾಳಿ ಎಳೆದುಕೊಳ್ಳುತ್ತಿದ್ದ. ಫ್ಲಾರಿಡಾದ ವಕುಲ್ಲಾ ಬುಗ್ಗೆಯ ತಿಳಿನೀರಿನಲ್ಲಿ ತೆಗೆದ ಆ ಈಜು ಇಂದಿಗೂ ಹಳತಾಗಿಲ್ಲ.

ಆ ಮೀನುಮನುಷ್ಯನ ರೂಪವನ್ನು ಬರೆದವಳು ಮಿಲಿಸೆಂಟ್ ಪ್ಯಾಟ್ರಿಕ್. ಅದಕ್ಕೂ ಮೊದಲು ಡಿಸ್ನಿ ಸ್ಟುಡಿಯೋದಲ್ಲಿ ಆನಿಮೇಷನ್ ಕೆಲಸ ಮಾಡಿದ್ದ ಕಲಾವಿದೆ. 'ಕ್ರಿಯೇಚರ್' ಚಿತ್ರದ ಪ್ರಚಾರಕ್ಕೆ ಅದನ್ನು ತಯಾರಿಸಿದ ಸ್ಟುಡಿಯೋ ಅವಳನ್ನು ಊರೂರಿಗೆ ಕಳಿಸಿತು. ಮೇಕಪ್ ವಿಭಾಗದ ಮುಖ್ಯಸ್ಥ ಬಡ್ ವೆಸ್ಟ್‌ಮೋರ್ ಇದರಿಂದ ಕೆರಳಿ, ಜೀವಿಯನ್ನು ಸೃಷ್ಟಿಸಿದ ಹಿರಿಮೆ ತನ್ನೊಬ್ಬನದೇ ಎಂದು ಪಟ್ಟುಹಿಡಿದ. ಅವಳಿಗೆ ಅಲ್ಲಿ ಮತ್ತೆ ಕೆಲಸ ಸಿಗಲಿಲ್ಲ. ತೆರೆಯ ಮೇಲಿನ ಹೆಸರುಗಳಲ್ಲಿ ಕಂಡದ್ದು ವೆಸ್ಟ್‌ಮೋರ್ ಹೆಸರೇ. 2019ರಲ್ಲಿ ಮ್ಯಾಲೊರಿ ಒಮೇರಾ ಬರೆದ ಜೀವನಚರಿತ್ರೆ ಬರುವವರೆಗೆ ಹೆಚ್ಚಿನ ಪ್ರೇಕ್ಷಕರಿಗೆ ಅವಳ ಹೆಸರು ಗೊತ್ತಿರಲಿಲ್ಲ. ಈ ವೃತ್ತಿಯ ಯಾವ ಚರಿತ್ರೆಯಲ್ಲಿಯೂ ಈ ಅನ್ಯಾಯವನ್ನು ಅಡಿಟಿಪ್ಪಣಿಗೆ ತಳ್ಳಬಾರದು. ಜೀವಿಯೊಂದು ಹತ್ತಾರು ಕೈಗಳಿಂದ ಹುಟ್ಟುವಲ್ಲಿ ಹೆಸರು ಮೇಲಿನವರ ಪಾಲಾಗುವುದು ಅಂದಿನಿಂದ ಇಂದಿನವರೆಗೂ ಇರುವ ತೊಂದರೆ.

ಚಹರೆಯ ವಿದ್ಯೆ

1968ರ 'ಪ್ಲಾನೆಟ್ ಆಫ್ ದ ಏಪ್ಸ್' ಚಿತ್ರಕ್ಕೆ ವಾನರ ಮುಖಗಳನ್ನು ರೂಪಿಸಿದ ಜಾನ್ ಚೇಂಬರ್ಸ್, ಎರಡನೆಯ ಮಹಾಯುದ್ಧದ ನಂತರ ಗಾಯಾಳು ಸೈನಿಕರಿಗೆ ಕೃತಕ ಮೂಗು, ಕಿವಿ, ದವಡೆಗಳನ್ನು ಮಾಡಿಕೊಟ್ಟವನು. ಮನುಷ್ಯನ ಮುಖದ ಮೇಲೆ ಕೂರಿಸಿದ ವಸ್ತು ಮುಖದೊಂದಿಗೇ ಅಲುಗಬೇಕು ಎಂಬುದು ಅವನು ಆಸ್ಪತ್ರೆಯಲ್ಲಿ ಕಲಿತ ಪಾಠ. ಹಾಗಾಗಿ ಅವನ ವಾನರರು ಗಟ್ಟಿ ಮುಖವಾಡ ಹಾಕಲಿಲ್ಲ. ಹುಬ್ಬು, ಮೂತಿ, ಗಲ್ಲಗಳನ್ನು ಮೆತ್ತನೆಯ ಫೋಮ್ ಲೇಟೆಕ್ಸಿನ ತುಣುಕುಗಳಾಗಿ ಮಾಡಿ ಅಂಟಿಸಿದ್ದರಿಂದ ನಟನ ಭಾವ ಹೊರಗೆ ಬಂತು. ಅದಕ್ಕಾಗಿ ಅವನಿಗೆ ಆಸ್ಕರ್ ಗೌರವ ಪ್ರಶಸ್ತಿ ಸಿಕ್ಕಿತು. ಮೇಕಪ್ಪಿಗೆ ಪ್ರತ್ಯೇಕ ಸ್ಪರ್ಧಾ ವಿಭಾಗ ಆಗಿನ್ನೂ ಇರಲಿಲ್ಲ. ಅದು ಬಂದದ್ದು 1981ರ ಚಿತ್ರಗಳಿಗೆ, ಮೊದಲು ಪಡೆದವನು 'ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್' ಚಿತ್ರಕ್ಕಾಗಿ ರಿಕ್ ಬೇಕರ್. ಆತ ಮುಂದೆ ಒಟ್ಟು 7 ಸಲ ಈ ಪ್ರಶಸ್ತಿ ಗೆದ್ದ.

ಬೇಕರನನ್ನು ತಿದ್ದಿದವನು ಡಿಕ್ ಸ್ಮಿತ್. ಸ್ಟುಡಿಯೋ ಕಾಲದ ಮೇಕಪ್ ಕಲಾವಿದರು ತಮ್ಮ ಪಾಕಗಳನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದರು. ಸ್ಮಿತ್ ಹಾಗಲ್ಲ. ಕಾಗದ ಬರೆದು ಕೇಳಿದ ಹುಡುಗರಿಗೆಲ್ಲ ವಿವರವಾಗಿ ಉತ್ತರಿಸುತ್ತಿದ್ದ. ಹಾಗೆ ಬರೆದವರಲ್ಲಿ ಬೇಕರನೂ ಒಬ್ಬ, ಮುಂದೆ 'ದ ಎಕ್ಸಾರ್ಸಿಸ್ಟ್' ಚಿತ್ರದಲ್ಲಿ ಅವನಿಗೆ ಸಹಾಯಕನಾದ. ಈ ಕಲೆ ಒಂದು ತಲೆಮಾರಿನಲ್ಲಿ ಅಷ್ಟು ವೇಗವಾಗಿ ಬೆಳೆಯಲು ಸ್ಮಿತ್‌ನ ಔದಾರ್ಯವೇ ದೊಡ್ಡ ಕಾರಣ ಎಂದರೆ ತಪ್ಪಾಗದು.

ಕೆಲಸದ ಕ್ರಮ ಆಗ ಗಟ್ಟಿಯಾದದ್ದು ಬಹುಪಾಲು ಹಾಗೇ ಉಳಿದಿದೆ. ಚಿತ್ರಕಥೆ ಓದಿ, ಯಾವ ದೃಶ್ಯದಲ್ಲಿ ಜೀವಿ ಏನು ಮಾಡುತ್ತದೆ ಎಂದು ಪಟ್ಟಿ ಮಾಡುತ್ತಾರೆ. ರೇಖಾಚಿತ್ರಗಳ ನಂತರ ಜೇಡಿಮಣ್ಣಿನ ಪುಟ್ಟ ಮಾದರಿ. ನಟನ ಮುಖಕ್ಕೆ, ಬೇಕಾದರೆ ಇಡೀ ಮೈಗೆ, ಆಲ್ಜಿನೇಟ್ ಅಥವಾ ಸಿಲಿಕೋನ್ ಮೆತ್ತಿ ಅಚ್ಚು ತೆಗೆಯುತ್ತಾರೆ. ಅದಕ್ಕೆ ಪ್ಲಾಸ್ಟರ್ ಎರೆದಾಗ ನಟನ ತದ್ರೂಪ ಸಿಗುತ್ತದೆ. ಅದರ ಮೇಲೆ ಮಣ್ಣಿನಲ್ಲಿ ಜೀವಿಯ ಚಹರೆ ತಿದ್ದಿ, ಮತ್ತೆ ಅಚ್ಚು ತೆಗೆದು, ಎರಡರ ನಡುವಿನ ಸಂದಿಗೆ ಫೋಮ್ ಲೇಟೆಕ್ಸ್ ತುಂಬಿ ಒಲೆಯಲ್ಲಿ ಬೇಯಿಸುತ್ತಾರೆ. ಹೊರಬಂದ ಚರ್ಮದ ಅಂಚು ನಟನ ಚರ್ಮದಲ್ಲಿ ಕರಗುವಷ್ಟು ತೆಳುವಾಗಿರಬೇಕು. ಆಮೇಲೆ ಬಣ್ಣ, ಒಂದೊಂದಾಗಿ ನೆಟ್ಟ ಕೂದಲು, ಅಳತೆ ನೋಡುವುದು, ಕ್ಯಾಮೆರಾ ಪರೀಕ್ಷೆ. ಉಡುಪಿನ ಕಡೆಯಲ್ಲಿ ಇದಕ್ಕೆ ಸಮನಾದ ಶ್ರಮ ಬಟ್ಟೆಯನ್ನು ಹಳತು ಮಾಡುವುದರಲ್ಲಿದೆ. ಮರಳು ಕಾಗದದಿಂದ ಉಜ್ಜಿ, ಬಣ್ಣ ಕಳೆದು, ಮಣ್ಣು ತಿಕ್ಕಿ, ಆ ಪಾತ್ರ ವರ್ಷಗಟ್ಟಲೆ ಅದನ್ನು ತೊಟ್ಟಿದೆ ಎನಿಸಬೇಕು. ಸಾಹಸ ದೃಶ್ಯಗಳಿದ್ದರೆ ಒಂದೇ ಉಡುಪಿನ ಹಲವು ಪ್ರತಿಗಳು ಬೇಕು, ಪ್ರತಿಯೊಂದರ ಹರಿದ ಜಾಗವೂ ಒಂದೇ ಆಗಿರಬೇಕು.

ಈ ಕಾಲದ ಜೀವಿಗಳಲ್ಲಿ ನೆನೆಯಬೇಕಾದವು ಅನೇಕ. 'ಸ್ಟಾರ್ ವಾರ್ಸ್' (1977) ಚಿತ್ರದ ಮೈತುಂಬ ಕೂದಲಿನ ಜೀವಿ ಚ್ಯೂಬಾಕಾನ ಒಳಗಿದ್ದವನು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಸಹಾಯಕನಾಗಿದ್ದ, 2.2 ಮೀಟರ್ ಎತ್ತರದ ಪೀಟರ್ ಮೇಹ್ಯೂ. ಸ್ಟುವರ್ಟ್ ಫ್ರೀಬಾರ್ನ್ ಅವನಿಗೆ ಹೆಣೆದ ಉಣ್ಣೆಯ ಮೇಲೆ ಚಮರೀಮೃಗದ ಕೂದಲು, ಮೊಹೇರ್ ಎಂಬ ಆಡಿನ ಕೂದಲು ಕೂರಿಸಿ ಮೈ ಮಾಡಿದ. 'ಏಲಿಯನ್' (1979) ಜೀವಿಯ ರೂಪ ಸ್ವಿಸ್ ಕಲಾವಿದ ಎಚ್.ಆರ್. ಗೀಗರ್‌ನದು, ತಲೆಯ ಯಂತ್ರ ಇಟಲಿಯ ಕಾರ್ಲೊ ರಾಂಬಾಲ್ಡಿಯದು, ಒಳಗಿದ್ದವನು ನೈಜೀರಿಯಾದ ಕಲಾ ವಿದ್ಯಾರ್ಥಿ ಬೊಲಾಜಿ ಬಡೇಜೊ. ಅವನ ನೀಳ ಕೈಕಾಲುಗಳನ್ನು ಕಂಡಾಗ ಇದರೊಳಗೆ ಮನುಷ್ಯನಿರಲಾರ ಎಂದು ಪ್ರೇಕ್ಷಕನಿಗೆ ಅನಿಸುತ್ತದೆ, ಚಿತ್ರದ ಭಯ ಅಲ್ಲೇ ಇದೆ. 'ಇ.ಟಿ.' (1982) ಕೂಡ ರಾಂಬಾಲ್ಡಿಯ ಸೃಷ್ಟಿ. ಯಂತ್ರದ ಬೊಂಬೆ ನಡೆಯಲಾಗದ ದೃಶ್ಯಗಳಲ್ಲಿ ಕುಳ್ಳ ದೇಹದ ಇಬ್ಬರು ಕಲಾವಿದರೂ, ಹುಟ್ಟಿನಿಂದ ಕಾಲುಗಳಿಲ್ಲದ, ಕೈಗಳ ಮೇಲೆ ನಡೆಯಬಲ್ಲ ಮ್ಯಾಥ್ಯೂ ಡಿ ಮೆರಿಟ್ ಎಂಬ ಹುಡುಗನೂ ಸೂಟಿನೊಳಗಿದ್ದರು.

ಬೊಂಬೆಯಾಟದ ಕಲಾವಿದ ಜಿಮ್ ಹೆನ್ಸನ್‌ನ ಲಂಡನ್ ಕಾರ್ಯಾಗಾರ ಒಂದೇ ಜೀವಿಯನ್ನು ಹಲವರಿಗೆ ಹಂಚಿತು. 'ಲ್ಯಾಬಿರಿಂತ್' (1986) ಚಿತ್ರದ ಹಾಗಲ್ ಎಂಬ ಕುಳ್ಳನೊಳಗೆ ಶಾರಿ ವೈಸರ್ ನಡೆದಾಡಿದರೆ, ಮುಖದ ಮೋಟಾರುಗಳನ್ನು ಹೊರಗಿನಿಂದ ರೇಡಿಯೋ ಮೂಲಕ ನಾಲ್ವರು ನಡೆಸುತ್ತಿದ್ದರು. ಹುಬ್ಬಿನವನು, ತುಟಿಯವನು, ಒಳಗೆ ನಡೆಯುವವಳು ಒಂದೇ ಕ್ಷಣ ಒಂದೇ ಭಾವ ತಾಳಬೇಕು. ಅದಕ್ಕೆ ವಾರಗಟ್ಟಲೆ ತಾಲೀಮು ಬೇಕಾಗುತ್ತಿತ್ತು.

ಎಲ್ಲವೂ ಮೊದಲ ಸಲಕ್ಕೇ ಒದಗಲಿಲ್ಲ. 'ಪ್ರೆಡೇಟರ್' (1987) ಚಿತ್ರಕ್ಕೆ ಮೊದಲು ತಂದ ಸೂಟು ಕಾಡಿನ ನೆಲದಲ್ಲಿ ನಡೆಯಲೂ ಬಾರದಂತಿತ್ತು. ಚಿತ್ರೀಕರಣ ನಿಲ್ಲಿಸಿ ಸ್ಟಾನ್ ವಿನ್‌ಸ್ಟನ್‌ನನ್ನು ಕರೆಸಿದರು. ಆತ ಎತ್ತರದ ಕೆವಿನ್ ಪೀಟರ್ ಹಾಲ್‌ನ ಮೈಗೆ ಹೊಂದುವ ಹೊಸ ಜೀವಿಯನ್ನು ಮಾಡಿಕೊಟ್ಟ. 'ಜುರಾಸಿಕ್ ಪಾರ್ಕ್' (1993) ಚಿತ್ರದ ದೈತ್ಯ ಟಿ-ರೆಕ್ಸ್ ಯಂತ್ರ ಮಳೆಯ ದೃಶ್ಯದಲ್ಲಿ ನೀರು ಹೀರಿ, ತೂಕ ಹೆಚ್ಚಾಗಿ ನಡುಗತೊಡಗಿತು. ಶಾಟುಗಳ ನಡುವೆ ಅದರ ಮೈ ಒರೆಸಿ ಒಣಗಿಸುವುದೇ ಒಂದು ಕೆಲಸವಾಯಿತು. ಅದೇ ಚಿತ್ರದ ರಾಪ್ಟರ್‌ಗಳ ಕೆಲವು ಶಾಟುಗಳಲ್ಲಿ ವಿನ್‌ಸ್ಟನ್‌ನ ಸಹಚರ ಜಾನ್ ರೋಸೆನ್‌ಗ್ರಾಂಟ್ ಸೊಂಟ ಬಗ್ಗಿಸಿ ಸೂಟಿನೊಳಗಿದ್ದಾನೆ.

ಉಡುಪೇ ಜೀವಿಯಾದಾಗ

ಇದೇ ಹೊತ್ತಿಗೆ ಕಾಸ್ಟ್ಯೂಮ್ ವಿಭಾಗದವರೂ ಜೀವಿಗಳ ಕಡೆಗೆ ಬರುತ್ತಿದ್ದರು. ಜಾನ್ ಮೊಲೊ ಸೈನಿಕ ಸಮವಸ್ತ್ರಗಳ ಚರಿತ್ರಕಾರ. 'ಸ್ಟಾರ್ ವಾರ್ಸ್' ಅವನು ಉಡುಪು ರೂಪಿಸಿದ ಮೊದಲ ಚಿತ್ರಗಳಲ್ಲೊಂದು. ಮೋಟಾರ್‌ಸೈಕಲ್ ಸವಾರರ ಚರ್ಮದ ಉಡುಪು, ಸನ್ಯಾಸಿಯ ನಿಲುವಂಗಿ, ಸೈನಿಕ ಶಿರಸ್ತ್ರಾಣ ಇವುಗಳನ್ನು ಜೋಡಿಸಿ ಆ ಚಿತ್ರದ ಖಳನಾಯಕ ಡಾರ್ತ್ ವೇಡರ್‌ನ ಮೊದಲ ರೂಪ ಕಟ್ಟಿದ. 'ಏಲಿಯನ್' ಚಿತ್ರದ ಉಡುಪುಗಳೂ ಅವನವೇ. ಈ ಮೊಲೊ 1983ರಲ್ಲಿ 'ಗಾಂಧಿ' ಚಿತ್ರಕ್ಕಾಗಿ ಆಸ್ಕರ್ ಹಂಚಿಕೊಂಡದ್ದು ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ ಅವರೊಂದಿಗೆ. ಭಾರತಕ್ಕೆ ಬಂದ ಮೊದಲ ಆಸ್ಕರ್ ಅದು. ಆಕೆ 2012ರಲ್ಲಿ ಆ ಪ್ರತಿಮೆಯನ್ನು ಕಾಪಾಡಲೆಂದು ಅಕಾಡೆಮಿಗೇ ಮರಳಿಸಿದರು.

ಜಪಾನಿನ ಏಕೊ ಇಶಿಓಕಾ (1938–2012) ಗ್ರಾಫಿಕ್ ವಿನ್ಯಾಸದಿಂದ ಬಂದವರು. 'ಬ್ರಾಮ್ ಸ್ಟೋಕರ್ಸ್ ಡ್ರಾಕುಲಾ' (1992) ಚಿತ್ರಕ್ಕೆ ಅವರು ಮಾಡಿದ ಕೆಂಪು ಕವಚ ಚರ್ಮ ಸುಲಿದ ಮಾಂಸಖಂಡಗಳಂತೆ ಕಾಣುತ್ತದೆ. ನಟ ಇನ್ನೂ ಮನುಷ್ಯ, ಉಡುಪು ಆಗಲೇ ಮೃಗ. ಆ ಚಿತ್ರ ಅವರಿಗೆ ಆಸ್ಕರ್ ತಂದಿತು. ಮುಂದೆ ಭಾರತ ಮೂಲದ ನಿರ್ದೇಶಕ ತರ್ಸೆಮ್ ಸಿಂಗ್ ಅವರ ನಾಲ್ಕು ಚಿತ್ರಗಳಿಗೆ ಉಡುಪು ರಚಿಸಿದರು.

ಒಳಗಿನವನನ್ನು ಮರೆಮಾಡಲೇಬೇಕೆ ಎಂಬ ಪ್ರಶ್ನೆಯನ್ನು ಜೋರಾಗಿ ಕೇಳಿದ್ದು ರಂಗಭೂಮಿ. ಜೂಲಿ ಟೇಮರ್ ಎಳೆಯ ವಯಸ್ಸಿನಲ್ಲಿ ಇಂಡೋನೇಷ್ಯಾದಲ್ಲಿ ವರ್ಷಗಟ್ಟಲೆ ಇದ್ದು ಮುಖವಾಡ, ತೊಗಲುಬೊಂಬೆಗಳ ಆಟಗಳನ್ನು ಕಂಡವಳು. 1997ರ ನವೆಂಬರಿನಲ್ಲಿ ನ್ಯೂಯಾರ್ಕಿನ ನ್ಯೂ ಆಮ್ಸ್ಟರ್ಡ್ಯಾಮ್ ರಂಗಮಂದಿರದಲ್ಲಿ ರಂಗಕ್ಕೇರಿದ 'ದ ಲಯನ್ ಕಿಂಗ್' ನಾಟಕಕ್ಕೆ ಆಕೆ ಮೈಕೆಲ್ ಕರಿ ಜೊತೆ ಸೇರಿ ಮುಖವಾಡ, ಬೊಂಬೆಗಳನ್ನು ರೂಪಿಸಿದಳು. ಸಿಂಹರಾಜನ ಮುಖವಾಡ ನಟನ ಮುಖದ ಮೇಲಿಲ್ಲ, ನೆತ್ತಿಯ ಮೇಲಿದೆ. ಎರಡು ಮುಖಗಳೂ ಒಟ್ಟಿಗೆ ಕಾಣುತ್ತವೆ. ಸಿಂಹ ಎರಗುವಾಗ ಮುಖವಾಡ ಮುಂದೆ ಬಾಗಿ ಇಳಿಯುತ್ತದೆ. ಕಾರ್ಬನ್ ನಾರಿನಿಂದ ಮಾಡಿದ್ದರಿಂದ ಅವು ಹಗುರ, ವಾರಕ್ಕೆ 8 ಪ್ರದರ್ಶನ ಆಡುವವನ ಕತ್ತಿಗೆ ಅದು ಸಣ್ಣ ವಿಷಯವಲ್ಲ. ಜಿರಾಫೆಯಾದವರು ಕೈಗೂ ಕಾಲಿಗೂ ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. 1998ರಲ್ಲಿ ಟೇಮರ್‌ಗೆ ನಿರ್ದೇಶನಕ್ಕೂ ವೇಷಭೂಷಣಕ್ಕೂ ಟೋನಿ ಪ್ರಶಸ್ತಿ ಬಂತು. ಸಂಗೀತ ನಾಟಕದ ನಿರ್ದೇಶನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಆಕೆ.

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಹ್ಯಾಂಡ್‌ಸ್ಪ್ರಿಂಗ್ ಪಪೆಟ್ ಕಂಪನಿಯ ಏಡ್ರಿಯನ್ ಕೋಲರ್, ಬೇಸಿಲ್ ಜೋನ್ಸ್ ಇನ್ನೂ ಮುಂದೆ ಹೋದರು. 2007ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಆಡಿದ 'ವಾರ್ ಹಾರ್ಸ್' ನಾಟಕದ ಕುದುರೆ ಜೋಯಿಗೆ ಬೆತ್ತದ ಹಂದರ. ಅದನ್ನು ನಡೆಸುವವರು ಮೂವರು. ಒಬ್ಬ ತಲೆಯ ಬಳಿ ಹೊರಗೆ ನಿಂತಿರುತ್ತಾನೆ, ಇಬ್ಬರು ಹೊಟ್ಟೆಯೊಳಗೆ ಮುಂಗಾಲು, ಹಿಂಗಾಲುಗಳನ್ನು ನಡೆಸುತ್ತಾರೆ. ಅವರ ತರಬೇತಿ ಶುರುವಾಗುವುದು ಉಸಿರಿನಿಂದ. ಕುದುರೆ ನಿಂತಲ್ಲೇ ನಿಂತಿದ್ದರೂ ಎದೆ ಏರಿಳಿಯುತ್ತಿರಬೇಕು, ಮೂವರ ಉಸಿರು ಒಂದಾಗಬೇಕು. ಮೂವರೂ ಕಣ್ಣಿಗೆ ಕಾಣುತ್ತಿದ್ದರೂ ಕೆಲವೇ ನಿಮಿಷಗಳಲ್ಲಿ ಪ್ರೇಕ್ಷಕರು ಕುದುರೆಯನ್ನಷ್ಟೇ ನೋಡತೊಡಗುತ್ತಾರೆ. ಕಳೆದ ಐವತ್ತು ವರ್ಷಗಳ ರಂಗವಿನ್ಯಾಸದಲ್ಲಿ ಇದಕ್ಕಿಂತ ದೊಡ್ಡ ಸಾಧನೆಯನ್ನು ಹೆಸರಿಸುವುದು ಕಷ್ಟ.

ಭಾರತ ಮತ್ತು ಕರ್ನಾಟಕ

ದೇಹ ಮತ್ತು ವೇಷವನ್ನು ಒಂದಾಗಿ ಕಾಣುವ ಪದ್ಧತಿ ಕರ್ನಾಟಕದ ಕಲೆಗಳಲ್ಲಿ ಬೇರೂರಿದೆ. ಯಕ್ಷಗಾನದಲ್ಲಿ ವಿನ್ಯಾಸಕ ಬೇರೆ, ನಟ ಬೇರೆ ಎಂಬುದಿಲ್ಲ. ಚೌಕಿ ಎಂಬ ಬಣ್ಣದ ಮನೆಯಲ್ಲಿ ಕುಳಿತ ಕಲಾವಿದ ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣದ ಮಿಶ್ರಣದಿಂದ ಮುಖದ ಮೇಲೆ ಚುಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಇಡಲು ಗಂಟೆಗಟ್ಟಲೆ ಬೇಕು. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರ ಮರದಲ್ಲಿ ಕೆತ್ತಿ ಬೇಗಡೆ ಹಚ್ಚುವುದು ರಾತ್ರಿಯಿಡೀ ಕುಣಿಯುವ ಮೈಯನ್ನು ನೆನೆದೇ. ಜಾತ್ರೆ, ಮೆರವಣಿಗೆಗಳ ಗಾರುಡಿ ಗೊಂಬೆಯಲ್ಲಿ ಬಿದಿರಿನ ಹಂದರವನ್ನು ಹೊತ್ತವನು ಗೊಂಬೆಯ ಮೈಯಲ್ಲಿ ಬಿಟ್ಟ ಕಿಂಡಿಯಿಂದ ದಾರಿ ನೋಡುತ್ತಾನೆ. ಗಾಡ್ಜಿಲ್ಲಾ ಸೂಟಿನ ಕುತ್ತಿಗೆಯಲ್ಲಿದ್ದ ರಂಧ್ರಗಳೂ ಇದೇ ಕೆಲಸಕ್ಕೆ ಇದ್ದವು.

ಆಧುನಿಕ ಕನ್ನಡ ರಂಗಭೂಮಿಯಲ್ಲಿ ಗಿರೀಶ ಕಾರ್ನಾಡರ 'ಹಯವದನ' (1971) ಈ ವಿನ್ಯಾಸಕ್ಕೆ ನೇರ ಸವಾಲು ಒಡ್ಡಿದ ನಾಟಕ. ಕುದುರೆಯ ತಲೆಯ ಮನುಷ್ಯ ಮಾತಾಡಬೇಕು, ಅಳಬೇಕು, ಆ ಮಾತು ಮುಖವಾಡದೊಳಗೆ ಹೂತುಹೋಗಬಾರದು. ರಂಗದ ವೇಷಭೂಷಣದಲ್ಲಿ ಪ್ರೇಮಾ ಕಾರಂತರು ಮಾಡಿದ ಕೆಲಸ ದೊಡ್ಡದು. ಸಿನಿಮಾದಲ್ಲಿ ವೈಶಾಲಿ ಕಾಸರವಳ್ಳಿಯವರಿಗೆ 'ತಾಯಿ ಸಾಹೇಬ' (1997) ಚಿತ್ರದ ಉಡುಪುಗಳಿಗಾಗಿ ರಾಷ್ಟ್ರಪ್ರಶಸ್ತಿ ಬಂತು. 'ಕಾಂತಾರ' (2022) ಚಿತ್ರದ ವಸ್ತ್ರವಿನ್ಯಾಸ ಪ್ರಗತಿ ಶೆಟ್ಟಿಯವರದು. ಅಲ್ಲಿ ದೈವದ ವೇಷಕ್ಕೆ ಕರಾವಳಿಯಲ್ಲಿ ಜೀವಂತವಾಗಿರುವ ಆರಾಧನೆಯೇ ಆಧಾರ. ನಟನ ಮುಖಕ್ಕೆ ಕೃತಕ ತುಣುಕುಗಳನ್ನು ಅಂಟಿಸುವ ಪ್ರಾಸ್ಥೆಟಿಕ್ ಮೇಕಪ್ಪಿಗೆ ಮಾತ್ರ ಭಾರತೀಯ ಚಿತ್ರರಂಗ ಬಹುಕಾಲ ಹೊರದೇಶದವರನ್ನೇ ಕರೆಸಿತು. ಕಮಲಹಾಸನ್ ಅವರ 'ಇಂಡಿಯನ್', 'ಅವ್ವೈ ಷಣ್ಮುಗಿ' (1996) ಚಿತ್ರಗಳಿಗೆ ಕೆಲಸ ಮಾಡಿದ ಮೈಕೆಲ್ ವೆಸ್ಟ್‌ಮೋರ್, ಮೇಲೆ ಹೇಳಿದ ಬಡ್ ವೆಸ್ಟ್‌ಮೋರ್‌ನ ಅಣ್ಣನ ಮಗ. ಹೆಗ್ಗೋಡಿನ ನೀನಾಸಂ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗಳಲ್ಲಿ ವೇಷಭೂಷಣ, ಪ್ರಸಾಧನ, ಮುಖವಾಡಗಳನ್ನು ನಟನೆಯ ಜೊತೆಯಲ್ಲೇ ಕಲಿಸುತ್ತಾರೆ. ಈ ವೃತ್ತಿಗೆ ಬರುವವರು ಮೊದಲು ಸ್ವತಃ ವೇಷ ಹಾಕಿ ಬೆವರಬೇಕು, ಆದ್ದರಿಂದ ಆ ಕ್ರಮ ಸರಿಯಾದದ್ದು.

ಕಂಪ್ಯೂಟರ್ ಕಾಲ

ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ರಿಚರ್ಡ್ ಟೇಲರ್, ಟಾನಿಯಾ ರಾಜರ್ ಕಟ್ಟಿದ ವೇಟಾ ವರ್ಕ್‌ಶಾಪ್ 'ದ ಲಾರ್ಡ್ ಆಫ್ ದ ರಿಂಗ್ಸ್' ಸರಣಿಗೆ (2001–2003) ಪ್ಲಾಸ್ಟಿಕ್ ಕೊಳವೆಯನ್ನು ಬಳೆಬಳೆಯಾಗಿ ಕತ್ತರಿಸಿ, ಕೈಯಿಂದ ಕೋದು ಸೈನಿಕರ ಸರಪಳಿ ಕವಚ ಮಾಡಿತು. ಅದೇ ಸರಣಿಯ ವಿಚಿತ್ರ ಜೀವಿ ಗಾಲಮ್‌ಗೆ ಸೂಟೇ ಇಲ್ಲ. ಆ್ಯಂಡಿ ಸರ್ಕಿಸ್‌ನ ಮೈಯ ಚಲನೆಯನ್ನು ದಾಖಲಿಸಿ ಕಂಪ್ಯೂಟರಿನಲ್ಲಿ ಮೈ ತೊಡಿಸಿದರು. 2011ರಲ್ಲಿ ವಾನರರ ಕಥೆ ಮತ್ತೆ ತೆರೆಗೆ ಬಂದಾಗ ಅವನೇ ವಾನರ ನಾಯಕ. ಚೇಂಬರ್ಸ್ ಫೋಮಿನಲ್ಲಿ ಸಾಧಿಸಿದ್ದನ್ನು ಈಗ ಮುಖದ ಮುಂದೆ ಕಟ್ಟಿದ ಪುಟ್ಟ ಕ್ಯಾಮೆರಾ ಹಿಡಿಯುತ್ತಿತ್ತು. ಕೈಕೆಲಸ ಇದರಿಂದ ಸಾಯಲಿಲ್ಲ. ಗಿಯೆರ್ಮೊ ದೆಲ್ ತೋರೊ 'ಪ್ಯಾನ್ಸ್ ಲ್ಯಾಬಿರಿಂತ್' (2006), 'ದ ಶೇಪ್ ಆಫ್ ವಾಟರ್' (2017) ಚಿತ್ರಗಳಲ್ಲಿ ಡಗ್ ಜೋನ್ಸ್ ಎಂಬ ಸಪೂರ ನಟನನ್ನೇ ಸೂಟಿನೊಳಗೆ ನಿಲ್ಲಿಸಿದ. ರೂತ್ ಕಾರ್ಟರ್ 'ಬ್ಲ್ಯಾಕ್ ಪ್ಯಾಂಥರ್' (2018) ಚಿತ್ರದ ರಾಣಿಗೆ ಜುಲು ಮಹಿಳೆಯರ ಸಾಂಪ್ರದಾಯಿಕ ಟೋಪಿಯ ಆಕಾರವನ್ನು ತ್ರೀಡಿ ಮುದ್ರಣದಲ್ಲಿ ಮಾಡಿಸಿದಳು. ಆ ಚಿತ್ರದ ಆಸ್ಕರ್‌ನಿಂದ ಉಡುಪಿನ ವಿಭಾಗದಲ್ಲಿ ಗೆದ್ದ ಮೊದಲ ಕರಿಯ ವಿನ್ಯಾಸಕಿಯಾದಳು.

'ಇ.ಟಿ.' ಚಿತ್ರದ ಉಡುಪುಗಳನ್ನು ಮಾಡಿದ್ದ ಡೆಬೊರಾ ಸ್ಕಾಟ್ ನಲವತ್ತು ವರ್ಷಗಳ ನಂತರ 'ಅವತಾರ್: ದ ವೇ ಆಫ್ ವಾಟರ್' (2022) ಚಿತ್ರಕ್ಕೆ ಕೆಲಸ ಮಾಡಿದಳು. ಅಲ್ಲಿಯ ನೀಲಿ ಜನ ಪೂರ್ತಿ ಕಂಪ್ಯೂಟರ್ ಸೃಷ್ಟಿ. ಆದರೂ ಅವಳ ತಂಡ ಅವರ ಹೆಣಿಗೆ, ಮಣಿಸರ, ಮೇಲುಹೊದಿಕೆಗಳನ್ನು ನಿಜವಾದ ನಾರು, ಗರಿ, ಚಿಪ್ಪುಗಳಿಂದ ಮಾಡಿತು. ಬಟ್ಟೆ ಗಾಳಿಗೆ ಹೇಗೆ ಹಾರುತ್ತದೆ, ಒದ್ದೆಯಾದಾಗ ಮೈಗೆ ಹೇಗೆ ಅಂಟುತ್ತದೆ ಎಂಬುದು ಕಂಪ್ಯೂಟರಿನ ಮುಂದೆ ಕುಳಿತವರಿಗೆ ಗೊತ್ತಾಗಲು ಅದನ್ನು ಮನುಷ್ಯರಿಗೆ ತೊಡಿಸಿ, ನೀರಿಗಿಳಿಸಿ ತೋರಿಸಿದರು.